ಎಡಗಡೆ ಬಾಕಿ: ಅರ್ಧಕ್ಕೆ ನಿಲ್ಲಿಸಿದ ಒಂದು ಸೈನಸ್ ಆಪರೇಷನ್

ಇದು ಪುಣೆಯ ಪಿಂಪ್ರಿ-ಚಿಂಚ್‌ವಡ್ ಕಡೆಯ ಒಂದು ಮಧ್ಯಮ ಗಾತ್ರದ ಆಸ್ಪತ್ರೆಯಲ್ಲಿ ನಡೆದದ್ದು. ನಾನು ಅಲ್ಲಿ ಕಿವಿ-ಮೂಗು-ಗಂಟಲಿನ ಸರ್ಜನ್. ರೋಗಿಯನ್ನು ಕೇಳಿ, ಅವರು ಹೂಂ ಅಂದ ಮೇಲೆಯೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ವಯಸ್ಸು, ಕೆಲಸದ ವಿವರ, ಮನೆಯವರ ವಿವರ ಸ್ವಲ್ಪ ಬದಲಿಸಿದ್ದೇನೆ. ಅವರನ್ನು ಇಲ್ಲಿ ಬಸಣ್ಣ ಅನ್ನೋಣ.

ಯಾರೂ ಸತ್ತಿಲ್ಲ. ಯಾರ ಕಣ್ಣೂ ಹೋಗಿಲ್ಲ. ರಕ್ತ ಏರಿಸುವ ಪ್ರಸಂಗವೂ ಬರಲಿಲ್ಲ. ಹಾಗಾಗಿ ಡಾಕ್ಟರುಗಳ ಸಭೆಯಲ್ಲಿ ಇಂಥದ್ದನ್ನು ಯಾರೂ ಎದ್ದು ನಿಂತು ಹೇಳುವುದಿಲ್ಲ. ಆದರೆ ನನ್ನ ತಲೆಯಲ್ಲಿ ಕೂತಿರುವುದು ಇದೇ.

ಹಿನ್ನೆಲೆ

ಬಸಣ್ಣ 48 ವರ್ಷದವರು, ವಿಜಯಪುರ ಕಡೆಯವರು. ಇಪ್ಪತ್ತು ವರ್ಷದಿಂದ ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಮಷಿನ್ ಓಡಿಸುತ್ತಾರೆ. ಮನೆಯಲ್ಲಿ ಕನ್ನಡ, ಕಾರ್ಖಾನೆಯಲ್ಲಿ ಮರಾಠಿ, ಮೇಲಿನವರ ಜೊತೆ ಹಿಂದಿ. ಈ ಭಾಗದಲ್ಲಿ ಇಂಥವರು ಬೇಕಾದಷ್ಟು ಜನ ಇದ್ದಾರೆ. ಮರಾಠಿ ಎಷ್ಟು ಸಲೀಸಾಗಿ ಆಡುತ್ತಾರೆಂದರೆ ಒಳಗೆ ಕನ್ನಡದಲ್ಲಿ ಯೋಚಿಸುತ್ತಿದ್ದಾರೆ ಅನ್ನುವುದೇ ಮರೆತುಹೋಗುತ್ತದೆ. ಈ ಪ್ರಕರಣದಲ್ಲಿ ನಾವು ಮರೆತೆವು.

ಮೂರು ವರ್ಷದಿಂದ ಮೂಗು ಕಟ್ಟಿತ್ತು. ಬಾಯಲ್ಲೇ ಉಸಿರು, ರಾತ್ರಿ ಗೊರಕೆ. ವಾಸನೆ ಅನ್ನುವುದು ಇರಲೇ ಇಲ್ಲ. ಅದಕ್ಕೂ ಹೊಂದಿಕೊಂಡಿದ್ದರು. ಒಂದು ರಾತ್ರಿ ಪಾಳಿಯಲ್ಲಿ ಅವರ ಮಷಿನ್‌ನ ಮೋಟಾರ್ ಸುಡತೊಡಗಿತು. "ಬಾಜೂ ಮಷಿನ್‌ದವ ಓಡಿ ಬಂದು ಸ್ವಿಚ್ ತಗದಾರೀ. ನಾ ಅಲ್ಲೇ ನಿಂತಿದ್ನಿ, ನನಗ ಏನೂ ಗೊತ್ತs ಆಗ್ಲಿಲ್ಲ" ಅಂದರು. ಆಸ್ಪತ್ರೆಗೆ ಬಂದದ್ದು ಆಮೇಲೆ.

ದುರ್ಬೀನು ಹಾಕಿ ನೋಡಿದರೆ ಎರಡೂ ಕಡೆ ಒಳಪೊರೆ ಊದಿ ಜೋತುಬಿದ್ದ ಪಾಲಿಪ್‌ಗಳ ಗೊಂಚಲು. ನಮ್ಮ ಪುಸ್ತಕಗಳಲ್ಲಿ ಇದಕ್ಕೆ ಸಿಪ್ಪೆ ಸುಲಿದ ದ್ರಾಕ್ಷಿಯ ಹೋಲಿಕೆ ಕೊಡುತ್ತಾರೆ. ವಿಜಯಪುರದವರಿಗೆ ದ್ರಾಕ್ಷಿ ಬಗ್ಗೆ ಜಾಸ್ತಿ ಹೇಳಬೇಕಾಗಲಿಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ಸೈನಸ್‌ಗಳು (ಮೂಗಿನ ಸುತ್ತಲಿನ ಎಲುಬಿನೊಳಗಿನ ಗಾಳಿಗೂಡುಗಳು) ಎಷ್ಟು ತುಂಬಿವೆ ಅಂತ ಅಂಕ ಕೊಡುವ ಲುಂಡ್-ಮೆಕೇ ಎಂಬ ಪದ್ಧತಿ ಇದೆ. ಪೂರ್ತಿ ತುಂಬಿದ್ದರೆ 24. ಇವರದು 19. ಜೊತೆಗೆ ಇನ್ನೊಂದು ವಿಷಯ ಕಂಡಿತು. ಎಡಗಡೆ, ಮೂಗಿನ ಮೇಲ್ಛಾವಣಿಯ ಎಲುಬಿನೊಳಗೆ ಅಡಗಿ ಹೋಗಬೇಕಾದ ಒಂದು ರಕ್ತನಾಳ ಛಾವಣಿಯಿಂದ ಕೆಳಗೆ ಜೋತುಬಿದ್ದಿತ್ತು. ಅದರ ಹೆಸರು ಮುಂದಿನ ಎತ್ಮಾಯ್ಡ್ ಧಮನಿ. ಸ್ಕ್ಯಾನ್ ಮೇಲೆ ಅದಕ್ಕೊಂದು ಸುತ್ತು ಹಾಕಿ ಇಟ್ಟೆ.

ಮೂರು ತಿಂಗಳು ಸ್ಟೀರಾಯ್ಡ್ ಸ್ಪ್ರೇ ಹಾಕಿದರೂ ಗೊಂಚಲು ಹಂದಲಿಲ್ಲ. ಆಪರೇಷನ್ ಅಂತ ತೀರ್ಮಾನವಾಯಿತು.

ಇಲ್ಲೇ ಮೊದಲನೆಯ ನಿರ್ಧಾರ. ಇಷ್ಟು ಪಾಲಿಪ್ ಇದ್ದಾಗ ಆಪರೇಷನ್‌ಗೆ ಮುಂಚೆ ಸುಮಾರು ಒಂದು ವಾರ ದಿನಕ್ಕೆ 30 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಡುವುದು ರೂಢಿ. ಊತ ಇಳಿಯುತ್ತದೆ, ರಕ್ತವೂ ಕಡಿಮೆ ಸೋರುತ್ತದೆ. ಬಸಣ್ಣನವರಿಗೆ ಸಕ್ಕರೆ ಕಾಯಿಲೆ ಇತ್ತು, ಹತೋಟಿ ಅಷ್ಟಕ್ಕಷ್ಟೆ. ಸ್ಟೀರಾಯ್ಡ್ ಕೊಟ್ಟರೆ ಸಕ್ಕರೆ ಏರುತ್ತದೆ ಅಂತ ನಾನು ಸುಮ್ನೆ ಬಿಟ್ಟುಬಿಟ್ಟೆ. ಫಿಸಿಶಿಯನ್ ಕೂರುವುದು ಅದೇ ಮಹಡಿಯಲ್ಲಿ, ನನ್ನಿಂದ ನಾಲ್ಕು ಬಾಗಿಲು ಆಚೆ. ಎದ್ದು ಹೋಗಿ ಕೇಳಲಿಲ್ಲ.

ಆಪರೇಷನ್‌ಗೆ ಮುಂಚಿನ ಪ್ರಶ್ನೆಗಳನ್ನು ನಮ್ಮ ಜೂನಿಯರ್ ಮರಾಠಿಯಲ್ಲಿ ಕೇಳಿದರು. "ರಕ್ತ ಪಾತಳ ಕರಣ್ಯಾಚಿ ಗೋಳಿ ಘೇತಾ ಕಾ?" ರಕ್ತ ತೆಳು ಮಾಡುವ ಮಾತ್ರೆ ತಗೋತೀರಾ ಅಂತ. "ನಾಹಿ." ಹಿಂದೆ ಹಲ್ಲು ಕೀಳಿಸಿದಾಗ ರಕ್ತ ನಿಲ್ಲಲಿಲ್ವಾ? ಅದಕ್ಕೂ "ನಾಹಿ." ಬೇರೆ ಯಾವ ಮಾತ್ರೆ? ಸಕ್ಕರೆಗೆ ಒಂದು, ಕೊಬ್ಬಿಗೆ ಒಂದು. ಚೀಟಿಯ ಮೇಲೆ ಮೆಟ್‌ಫಾರ್ಮಿನ್, ಅಟೋರ್ವಾಸ್ಟಾಟಿನ್ ಅಂತ ಬಂತು.

ನಾನೂ ಒಂದು ಪ್ರಶ್ನೆ ಕೇಳಿದೆ, ಅದೂ ಕನ್ನಡದಲ್ಲಿ. ಪಾಲಿಪ್ ಇರುವ ಕೆಲವರಿಗೆ ಆಸ್ತಮಾ ಇರುತ್ತದೆ. ಅವರಲ್ಲಿ ಕೆಲವರಿಗೆ ಆ್ಯಸ್ಪಿರಿನ್ ಅಥವಾ ಅದರ ಜಾತಿಯ ನೋವಿನ ಮಾತ್ರೆ ನುಂಗಿದರೆ ಉಬ್ಬಸ ಬಂದುಬಿಡುತ್ತದೆ. ಅದಕ್ಕೇ "ನೋವಿನ ಗುಳಿಗಿ ತಗೊಂಡ್ರ ಉಬ್ಬಸ ಬರ್ತದೇನ್ರೀ?" ಅಂದೆ. "ಇಲ್ರೀ ಸಾಹೇಬ್ರ, ಏನೂ ಆಗಂಗಿಲ್ಲ."

ಆ ಉತ್ತರದಲ್ಲೇ ಎಲ್ಲ ಇತ್ತು. ಏನೂ ಆಗುವುದಿಲ್ಲ ಅಂತ ಗೊತ್ತಾಗಬೇಕಾದರೆ ನುಂಗಿರಬೇಕು ಅಲ್ವಾ? ನಾನು ಕೇಳಿದ್ದು ಉಬ್ಬಸದ ಬಗ್ಗೆ. ಉಬ್ಬಸ ಇಲ್ಲ ಅಂತ ಗೊತ್ತಾಯಿತು, ಮುಂದಿನ ಪ್ರಶ್ನೆಗೆ ಹೋದೆ.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 13.4. ಹೆಪ್ಪು ಕಟ್ಟಲು ನೆರವಾಗುವ ಪ್ಲೇಟ್ಲೆಟ್ ಕಣಗಳ ಎಣಿಕೆ, ರಕ್ತ ಹೆಪ್ಪುಗಟ್ಟುವ ಸಮಯದ ಎರಡೂ ಪರೀಕ್ಷೆಗಳು, ಎಲ್ಲ ನಾರ್ಮಲ್.

ಮೂಗಿನೊಳಗಿನ ರಕ್ತದ ಸಮಸ್ಯೆ

ಹೊಟ್ಟೆಯ ಆಪರೇಷನ್‌ನಲ್ಲಿ ರಕ್ತ ಬಂದರೆ ಕೈ ಹಾಕಿ ಒತ್ತಬಹುದು, ನಾಳ ಹಿಡಿದು ದಾರ ಕಟ್ಟಬಹುದು. ಮೂಗಿನೊಳಗೆ ಕೈ ಹೋಗುವುದಿಲ್ಲ. ನಾಲ್ಕು ಮಿಲಿಮೀಟರ್ ದಪ್ಪದ ದುರ್ಬೀನು, ಅದರ ಪಕ್ಕದಲ್ಲೇ ತೂರಿಸಿದ ಒಂದು ಉಪಕರಣ, ಅಷ್ಟೆ. ಬದಿಗೆ ಕಣ್ಣಿನ ಗೂಡು. ನಡುವೆ ಇರುವ ಎಲುಬು ಹಪ್ಪಳದಷ್ಟೂ ದಪ್ಪ ಇಲ್ಲ. ಮೇಲೆ ಮಿದುಳು, ಹಿಂದೆ ಕಣ್ಣಿನ ನರ.

ಇಲ್ಲಿ ಎಷ್ಟು ರಕ್ತ ಹೋಯಿತು ಅನ್ನುವುದಕ್ಕಿಂತ ಅದು ಎಲ್ಲಿ ಬಂದು ನಿಂತಿತು ಅನ್ನುವುದು ಮುಖ್ಯ. ಒಂದು ಚಮಚ ರಕ್ತ ದುರ್ಬೀನಿನ ಮುಂದೆ ಬಂದರೆ ಸಾಕು. ರಾಡಿ ಎದ್ದ ಬಾವಿಯಲ್ಲಿ ಬಿದ್ದ ಕೊಡ ಹುಡುಕಿದ ಹಾಗೆ.

ಇದನ್ನು ಅಳೆಯಲು ಬೂಜಾರ್ಟ್ ಅನ್ನುವವರು 1995ರಲ್ಲಿ ಒಂದು ಅಂಕಪಟ್ಟಿ ಮಾಡಿಕೊಟ್ಟರು. ಸೊನ್ನೆಯಿಂದ ಐದರವರೆಗೆ. ಎರಡು ಅಂದರೆ ಆಗಾಗ ರಕ್ತ ಹೀರಿ ತೆಗೆದರೆ ಸಾಕು, ಕೆಲಸ ಮಾಡಬಹುದು. ಮೂರು ಅಂದರೆ ಸಕ್ಷನ್ (ರಕ್ತ ಹೀರುವ ನಳಿಗೆ) ತೆಗೆದ ಕೆಲವು ಸೆಕೆಂಡಿಗೆ ಮತ್ತೆ ಮುಚ್ಚುತ್ತದೆ. ನಾಲ್ಕರಲ್ಲಿ ತೆಗೆದ ತಕ್ಷಣ ಮುಚ್ಚುತ್ತದೆ. ಐದರಲ್ಲಿ ಹೀರುವ ವೇಗಕ್ಕಿಂತ ಬರುವ ವೇಗವೇ ಜಾಸ್ತಿ. ಅಂಕ ಕೊಡುವುದು ನೋಡುವವರ ಕಣ್ಣಂದಾಜು, ಒಪ್ಪುತ್ತೇನೆ. ಆದರೂ "ರಕ್ತ ಸ್ವಲ್ಪ ಜಾಸ್ತಿ ಇದೆ" ಅನ್ನುವುದಕ್ಕಿಂತ "ನಾಲ್ಕು" ಅನ್ನುವುದು ಎಷ್ಟೋ ವಾಸಿ. ಬಾಯಿಬಿಟ್ಟು ಸಂಖ್ಯೆ ಹೇಳಿದರೆ ನಮಗೆ ನಾವೇ ಸುಳ್ಳು ಹೇಳಿಕೊಳ್ಳುವುದು ಕಷ್ಟ.

ಟೇಬಲ್ ಮೇಲೆ

ಆ ದಿನದ ಪಟ್ಟಿಯಲ್ಲಿ ಬಸಣ್ಣ ಮೂರನೆಯವರು. ಅವರ ಸರದಿ ಬರುವಾಗ ಮಧ್ಯಾಹ್ನ ಒಂದು ಗಂಟೆ ಹತ್ತಿರ. ಸೈನಸ್ ಆಪರೇಷನ್‌ಗೆ ಪ್ರೊಪೊಫಾಲ್ ಔಷಧಿಯನ್ನು ಪಂಪ್‌ನಿಂದ ಹನಿಸುತ್ತಾ ಅರಿವಳಿಕೆ ಕೊಡುವುದು ನಮಗೆ ಇಷ್ಟ. ಸೆವೊಫ್ಲುರೇನ್‌ನಂಥ ಅನಿಲ ರಕ್ತನಾಳಗಳನ್ನು ಸಡಿಲಿಸುತ್ತದೆ, ಹೆಚ್ಚು ಸೋರುತ್ತದೆ. ಆ ದಿನ ಇದ್ದ ಒಂದು ಪಂಪ್ ಪಕ್ಕದ ಥಿಯೇಟರಿನಲ್ಲಿತ್ತು. ಸರಿ, ಅನಿಲದಲ್ಲೇ ಮಾಡೋಣ ಅಂದೆವು. ಇದು ಎರಡನೆಯ ನಿರ್ಧಾರ. ನಿರ್ಧಾರ ಅಂತ ಆ ಹೊತ್ತಿಗೆ ಅನ್ನಿಸಲೇ ಇಲ್ಲ.

ಉಳಿದದ್ದೆಲ್ಲ ಮಾಮೂಲಿ. ಗಂಟಲಿಗೆ ಗಾಜ್ ಬಟ್ಟೆಯ ಪ್ಯಾಕ್ ಇಟ್ಟು ಬೋರ್ಡಿನ ಮೇಲೆ ಬರೆದೆವು. ರಕ್ತನಾಳ ಕುಗ್ಗಿಸುವ, ಸಾವಿರಕ್ಕೆ ಒಂದರ ಅಡ್ರಿನಾಲಿನ್‌ನಲ್ಲಿ ನೆನೆಸಿದ ಹತ್ತಿ ಪಟ್ಟಿಗಳನ್ನು ಮೂಗಿನಲ್ಲಿಟ್ಟು ಹತ್ತು ನಿಮಿಷ ಕಾದೆವು. ಆಮೇಲೆ ಮರಗಟ್ಟಿಸುವ ಲಿಗ್ನೊಕೇನ್ ಜೊತೆ ಎರಡು ಲಕ್ಷಕ್ಕೆ ಒಂದರ ಅಡ್ರಿನಾಲಿನ್ ಚುಚ್ಚಿದೆವು. ಇಲ್ಲಿ ಒಂದು ಮಾತು. ಇವೆರಡೂ ನೋಡಲು ನೀರಿನ ಹಾಗೇ. ಹತ್ತಿಗೆ ಹಾಕುವುದನ್ನು ಯಾರಾದರೂ ಸಿರಿಂಜ್‌ಗೆ ಎಳೆದುಕೊಂಡರೆ ಇನ್ನೂರು ಪಟ್ಟು ಗಟ್ಟಿ ಔಷಧಿ ಒಳಗೆ ಹೋಗುತ್ತದೆ, ಹೃದಯವೇ ನಿಲ್ಲಬಹುದು. ನಮ್ಮಲ್ಲಿ ಚುಚ್ಚುವುದನ್ನು ಮೊದಲೇ ಸಿರಿಂಜ್‌ಗೆ ಎಳೆದು ಚೀಟಿ ಅಂಟಿಸುತ್ತಾರೆ. ಹತ್ತಿಯ ಬಟ್ಟಲು ಟೇಬಲ್ ಮೇಲೆ ಬರುವುದು ಆಮೇಲೆ.

ಬಲಗಡೆಯಿಂದ ಶುರು ಮಾಡಿದೆ. ಮೊದಲ ಇಪ್ಪತ್ತು ನಿಮಿಷ ಎರಡು. ಆಮೇಲೆ ಮೂರು. ಹಿಂದಿನ ಸ್ಫೀನಾಯ್ಡ್ ಸೈನಸ್‌ನ ಬಾಯಿ ತೆರೆಯುವಾಗ ಅದರ ಕೆಳಗೆ ಹಾದುಹೋಗುವ ಒಂದು ಧಮನಿಯ ಕವಲು ಕತ್ತರಿಸಿ ರಕ್ತ ಚಿಮ್ಮಿತು. ಬೈಪೋಲಾರ್ ಎಂಬ ವಿದ್ಯುತ್ ಚಿಮಟದಿಂದ ಸುಟ್ಟೆ, ನಿಂತಿತು. ಎರಡು ನಿಮಿಷದ ಕೆಲಸ. ನೋಡುವವರಿಗೆ ಇಂಥದ್ದೇ ಭಯ ಹುಟ್ಟಿಸುವುದು, ನಮಗೆ ಅಷ್ಟಿಲ್ಲ. ಚಿಮ್ಮುವ ರಕ್ತಕ್ಕೆ ಒಂದು ಮೂಲ ಇರುತ್ತದೆ, ಹುಡುಕಿ ಮುಚ್ಚಬಹುದು. ಎಲ್ಲ ಕಡೆಯಿಂದ ಜಿನುಗುವುದಕ್ಕೆ ಏನು ಮಾಡುತ್ತೀರಿ? ಮಳೆಗಾಲದಲ್ಲಿ ಹಳೇ ಮಣ್ಣುಗೋಡೆ ಒಸರುತ್ತದಲ್ಲ, ಹಾಗೆ. ಬಸಣ್ಣನವರ ಮೂಗು ಒಸರುತ್ತಿತ್ತು.

ಬಲಗಡೆ ಮುಗಿಯಿತು. ಆಗಲೇ ಕೈ ತೆಗೆದು ಒಂದು ನಿಮಿಷ ಯೋಚಿಸಬೇಕಿತ್ತು. ಇಷ್ಟು ಯಾಕೆ ಒಸರುತ್ತಿದೆ ಅಂತ. ನಾನು ಪಟ್ಟಿಯಲ್ಲಿ ಇನ್ನೂ ಒಂದು ಕೇಸ್ ಉಳಿದಿದೆ ಅಂತ ಗಡಿಯಾರ ನೋಡಿ ಎಡಗಡೆ ದುರ್ಬೀನು ಹಾಕಿದೆ.

ಎಡಗಡೆ ಶುರುವಿನಿಂದಲೇ ನಾಲ್ಕು.

ಒಂದೊಂದಾಗಿ ಮಾಡುತ್ತಾ ಹೋದೆವು. ಅಡ್ರಿನಾಲಿನ್ ಪಟ್ಟಿ ಮತ್ತೆ ಇಟ್ಟು ಐದು ನಿಮಿಷ ಕಾದೆವು. ಟೇಬಲ್ ನೋಡಿದರೆ ಚಪ್ಪಟೆಯಾಗಿತ್ತು. ಶುರುವಿನಲ್ಲಿ ತಲೆ ಎತ್ತರಿಸಿ ಇಟ್ಟಿದ್ದೆವು, ನಡುವೆ ಯಾರೋ ಸ್ಕ್ರೀನ್ ಸರಿ ಮಾಡುವಾಗ ಇಳಿಸಿದ್ದರು. ಮತ್ತೆ 15 ಡಿಗ್ರಿ ಎತ್ತಿದೆವು. ತಲೆ ಹೃದಯಕ್ಕಿಂತ ಮೇಲಿದ್ದರೆ ತಲೆಯ ರಕ್ತ ಸಿರೆಗಳಲ್ಲಿ ಸಲೀಸಾಗಿ ಇಳಿಯುತ್ತದೆ, ಒಸರು ತಗ್ಗುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಅದಕ್ಕೇ ಏನೋ, ಎಲ್ಲರೂ ಮರೆಯುವುದೂ ಇದನ್ನೇ.

ಅರಿವಳಿಕೆ ಡಾಕ್ಟರ್ ಮೇಡಂ ಅವರನ್ನು ನಾಡಿ ಎಷ್ಟು ಅಂತ ಕೇಳಿದೆ. 92. ಸರಾಸರಿ ರಕ್ತದೊತ್ತಡ 88. ಇಂಥ ಆಪರೇಷನ್‌ಗೆ ನಾಡಿ 60ರ ಆಸುಪಾಸು, ಸರಾಸರಿ ಒತ್ತಡ 65-70 ಇದ್ದರೆ ಚೆನ್ನ. ಜೂನಿಯರ್ ಉತ್ಸಾಹದಿಂದ ನೈಟ್ರೊಗ್ಲಿಸರಿನ್ ಹಾಕೋಣ್ವಾ ಅಂದರು. ಮೇಡಂ ತಲೆ ಅಲ್ಲಾಡಿಸಿದರು. ಅವರು ಹೇಳಿದ ಕಾರಣ ನಮ್ಮ ಹುಡುಗರೆಲ್ಲ ಕೇಳಿಸಿಕೊಳ್ಳಬೇಕಾದದ್ದು. ನೈಟ್ರೊಗ್ಲಿಸರಿನ್ ಒತ್ತಡದ ಅಂಕಿ ಇಳಿಸುತ್ತದೆ ನಿಜ. ಆದರೆ ಇಳಿಸುವುದು ನಾಳಗಳನ್ನು ಹಿಗ್ಗಿಸಿ. ಹಿಗ್ಗಿದ ನಾಳ ಇನ್ನೂ ಸೋರುತ್ತದೆ. ಮೇಲಿಂದ ಒತ್ತಡ ಇಳಿಯಿತು ಅಂತ ಹೃದಯ ಜೋರಾಗಿ ಬಡಿಯತೊಡಗುತ್ತದೆ. ಮಾನಿಟರ್ ಚೆಂದ ಕಾಣುತ್ತದೆ, ಮೂಗಿನೊಳಗೆ ಅಧ್ವಾನ. ಅವರು ನೋವು ಅಡಗಿಸುವ ಫೆಂಟನಿಲ್ ಕೊಟ್ಟು, ಹೃದಯದ ಬಡಿತ ನಿಧಾನಿಸುವ ಮೆಟೊಪ್ರೊಲಾಲ್ ಒಂದೊಂದೇ ಮಿಲಿಗ್ರಾಂ ಕೊಡುತ್ತಾ ನಾಡಿಯನ್ನು 68ಕ್ಕೆ ತಂದರು. ಸರಾಸರಿ ಒತ್ತಡ 70ಕ್ಕೆ ಬಂತು. ಅದಕ್ಕಿಂತ ಕೆಳಗೆ ತಳ್ಳಲು ಒಪ್ಪಲಿಲ್ಲ. ಸಕ್ಕರೆ ಕಾಯಿಲೆಯವರು, ಮಿದುಳು ಮೂತ್ರಪಿಂಡಕ್ಕೂ ರಕ್ತ ಬೇಕು ಅಂದರು.

ಒಂದು ಗ್ರಾಂ ಟ್ರಾನೆಕ್ಸಾಮಿಕ್ ಆಸಿಡ್ ಅನ್ನು ಹತ್ತು ನಿಮಿಷದಲ್ಲಿ ನಿಧಾನವಾಗಿ ಹನಿಸಿದರು. 1962ರಲ್ಲಿ ಜಪಾನಿನ ಒಕಾಮೊಟೊ ದಂಪತಿ ಜಗತ್ತಿಗೆ ತಿಳಿಸಿದ ಔಷಧಿ ಇದು. ಕಟ್ಟಿದ ಹೆಪ್ಪು ಬೇಗ ಕರಗದ ಹಾಗೆ ತಡೆಯುತ್ತದೆ. ಹೆಪ್ಪು ಕಟ್ಟಿಸುವುದು ಇದರ ಕೆಲಸ ಅಲ್ಲ, ಕಟ್ಟಿದ್ದನ್ನು ಕಾಯುವುದಷ್ಟೇ. ಹೆಪ್ಪೇ ಸರಿಯಾಗಿ ಕಟ್ಟದಿದ್ದರೆ ಕಾಯಲು ಏನಿರುತ್ತದೆ? ಬೆಚ್ಚಗಿನ ಸಲೈನ್‌ನಿಂದ ತೊಳೆದೆವು. ಹತ್ತು-ಹದಿನೈದು ನಿಮಿಷ ಮೂರಕ್ಕೆ ಇಳಿಯಿತು. ನಾನು ಸ್ವಲ್ಪ ಮುಂದೆ ಹೋದೆ. ಮತ್ತೆ ನಾಲ್ಕು.

ನಿಲ್ಲಿಸಿದ್ದು

ಈಗ ನಾನು ಇದ್ದದ್ದು ಎಡಗಡೆಯ ಮೇಲ್ಭಾಗದಲ್ಲಿ. ಸ್ಕ್ಯಾನ್ ಮೇಲೆ ಸುತ್ತು ಹಾಕಿದ ಆ ಧಮನಿ ಎಲ್ಲೋ ಅಲ್ಲೇ ಇತ್ತು. ಅದು ಕತ್ತರಿಸಿದರೆ ಮೂಗಿಗೆ ರಕ್ತ ಸುರಿದು ಮುಗಿಯುವುದಿಲ್ಲ. ಕತ್ತರಿಸಿದ ತುದಿ ರಬ್ಬರಿನ ಹಾಗೆ ಹಿಂದಕ್ಕೆ ಸರಿದು ಕಣ್ಣಿನ ಗೂಡಿನೊಳಗೆ ಹೋಗಿ ಅಲ್ಲಿ ಸುರಿಯಬಹುದು. ಗೂಡಿನಲ್ಲಿ ಜಾಗ ಇಲ್ಲ. ಕಣ್ಣುಗುಡ್ಡೆ ಮುಂದೆ ಬರುತ್ತದೆ, ಒತ್ತಡಕ್ಕೆ ಕಣ್ಣಿನ ನರಕ್ಕೆ ರಕ್ತ ಸಿಗುವುದಿಲ್ಲ. ಒಂದು-ಒಂದೂವರೆ ಗಂಟೆಯೊಳಗೆ ಒತ್ತಡ ಬಿಡಿಸದಿದ್ದರೆ ದೃಷ್ಟಿ ಹೋಗಬಹುದು.

"ಸರ್, ಇನ್ನು ಸ್ವಲ್ಪೇ ಉಳಿದಿದೆ" ಅಂದರು ಜೂನಿಯರ್. ನಿಜ, ಸ್ವಲ್ಪವೇ ಉಳಿದಿತ್ತು. ಹತ್ತು ನಿಮಿಷದ ಕೆಲಸ. ನನ್ನ ಕೈಗೂ ಹಾಗೇ ಅನ್ನಿಸುತ್ತಿತ್ತು. ಈ ಜಾಗದಲ್ಲಿ ನೂರಾರು ಸಲ ಹೋಗಿದ್ದೇನೆ, ಕಾಣದಿದ್ದರೂ ಗೊತ್ತು ಅಂತ.

ಮೇಡಂ ಪರದೆಯ ಆಚೆಯಿಂದ ಕೇಳಿದರು, "ಈಗ ನಿಮಗೆ ಏನು ಕಾಣುತ್ತಿದೆ?"

ಛಾವಣಿ ಅನ್ನಲು ಹೋದೆ. ಬಾಯಿಗೆ ಬರಲಿಲ್ಲ. "ಕೆಂಪು" ಅಂದೆ.

ಅಲ್ಲಿಗೆ ನಿಲ್ಲಿಸಿದೆವು. ಎಡಗಡೆಯ ಮೇಲ್ಭಾಗ, ಹಿಂಭಾಗ ಹಾಗೇ ಬಿಟ್ಟು ಎರಡೂ ಕಡೆ ಮೆರೊಸೆಲ್ ಎಂಬ ಸ್ಪಂಜಿನ ಪ್ಯಾಕ್ ಇಟ್ಟೆ. ಸಕ್ಷನ್ ಬಾಟಲಿಯಲ್ಲಿ 1,400 ಮಿಲಿಲೀಟರ್ ಇತ್ತು, ನಾವು ತೊಳೆಯಲು ಬಳಸಿದ ಸಲೈನ್ 850. ಹಾಗಾದರೆ ರಕ್ತ ಸುಮಾರು 550. ಬಸಣ್ಣನವರ ತೂಕ 62 ಕಿಲೋ. ಕಿಲೋಗೆ 70 ಮಿಲಿಲೀಟರ್ ಲೆಕ್ಕ ಹಿಡಿದರೆ ಮೈಯಲ್ಲಿದ್ದ ರಕ್ತ 4,300ರ ಆಸುಪಾಸು. ಎಂಟನೇ ಒಂದು ಪಾಲು ಹೋಗಿತ್ತು. ಮೈ ತಾಳಿಕೊಳ್ಳುವ ಮಟ್ಟದ ನಷ್ಟವೇ. ನಿಲ್ಲಿಸಿದ್ದು ಅದಕ್ಕಲ್ಲ, ಕಾಣುತ್ತಿಲ್ಲ ಅನ್ನುವುದಕ್ಕೆ.

ಗಂಟಲಿನ ಪ್ಯಾಕ್ ತೆಗೆದು ಎಣಿಸಿ ಬೋರ್ಡಿನ ಮೇಲೆ ಹೊಡೆದು ಹಾಕಿದೆವು. ಮೂಗಿನ ಹಿಂದೆ, ಕಿರುನಾಲಿಗೆಯ ಮೇಲೆ ಹೆಪ್ಪು ಉಳಿದಿದೆಯಾ ಅಂತಲೂ ನೋಡಿದೆವು. ಅದು ಜಾರಿ ಶ್ವಾಸನಾಳಕ್ಕೆ ಬಿದ್ದರೆ ಪ್ರಾಣಕ್ಕೆ ಸಂಚಕಾರ. ಮೇಡಂ ಕೆಮ್ಮು ಬರದ ಹಾಗೆ ಮೆಲ್ಲಗೆ ಎಬ್ಬಿಸಿದರು.

ಸಂಜೆ, ವಾರ್ಡಿನಲ್ಲಿ

ಆ ದಿನ ಸಂಜೆ ಪಾಳಿಯ ಸಿಸ್ಟರ್ ಗದಗ ಕಡೆಯವರು. ಬಸಣ್ಣನವರ ಹೆಂಡತಿ ಮಂಚದ ಪಕ್ಕದ ಕೈಚೀಲದಿಂದ ಒಂದು ಪ್ಲಾಸ್ಟಿಕ್ ಪಾಕೀಟು ತೆಗೆದು ಕೇಳಿದರಂತೆ.

"ಸಿಸ್ಟರ್, ಇವ್ರ ಕೊಬ್ಬಿನ ಗುಳಿಗಿ ರಾತ್ರಿ ಉಂಡ ಮ್ಯಾಲೆ ಕೊಡೂದೈತ್ರಿ. ಇವತ್ತ ಕೊಡ್ಲೇನ್ರೀ?"

"ತೋರಸ್ರಿ ಅಕ್ಕಾರ, ಯಾವ್ದದು?"

ಗುಳಿಗೆ ಪಟ್ಟಿಯ ಬೆಳ್ಳಿ ಕಾಗದದ ಮೇಲೆ ಎರಡು ಹೆಸರು. ಅಟೋರ್ವಾಸ್ಟಾಟಿನ್, ಅದರ ಕೆಳಗೆ ಆ್ಯಸ್ಪಿರಿನ್ 75 ಮಿಲಿಗ್ರಾಂ. ಒಂದೇ ಕ್ಯಾಪ್ಸೂಲಿನಲ್ಲಿ ಎರಡೂ. ಪಾಕೀಟಿನಲ್ಲಿ ಇನ್ನೊಂದು ಪಟ್ಟಿಯೂ ಇತ್ತು, ಅರ್ಧ ಖಾಲಿ. ಡೈಕ್ಲೊಫೆನಾಕ್ ಮತ್ತು ಪ್ಯಾರಾಸಿಟಮಾಲ್ ಸೇರಿದ ನೋವಿನ ಮಾತ್ರೆ. ಮೂಗು ಕಟ್ಟಿ ತಲೆ ಸಿಡಿಯುತ್ತದೆ ಅಂತ ಮೆಡಿಕಲ್ ಅಂಗಡಿಯವರು ಕೊಟ್ಟದ್ದು. ದಿನಾ ಒಂದು, ಕೆಲವು ದಿನ ಎರಡು. ಆಪರೇಷನ್‌ನ ಹಿಂದಿನ ದಿನವೂ ನುಂಗಿದ್ದರು.

ಸಿಸ್ಟರ್ ನನಗೆ ಫೋನ್ ಮಾಡಿದರು. ಪಟ್ಟಿಯ ಫೋಟೋ ಕಳಿಸಿ ಅಂದೆ. ನೋಡಿ ಕುರ್ಚಿಯಲ್ಲಿ ಕೂತೆ.

ಬಸಣ್ಣ ಸುಳ್ಳು ಹೇಳಿರಲಿಲ್ಲ. ಎರಡು ವರ್ಷದ ಹಿಂದೆ ಒಂದು ತಪಾಸಣೆ ಶಿಬಿರದಲ್ಲಿ ಕೊಬ್ಬು ಜಾಸ್ತಿ ಇದೆ ಅಂತ ಬರೆದುಕೊಟ್ಟ ಗುಳಿಗೆ ಅದು. ಅವರಿಗೆ ಅದು ಕೊಬ್ಬಿನ ಗುಳಿಗೆ. "ರಕ್ತ ಪಾತಳ ಕರಣ್ಯಾಚಿ" ಗುಳಿಗೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನಮ್ಮ ಜೂನಿಯರ್ ಕೂಡ ಕೊಬ್ಬು ಅಂದದ್ದನ್ನು ಅಟೋರ್ವಾಸ್ಟಾಟಿನ್ ಅಂತ ತಾವೇ ತರ್ಜುಮೆ ಮಾಡಿ ಬರೆದಿದ್ದರು. ಪಟ್ಟಿ ನೋಡಿರಲಿಲ್ಲ. ತಲೆನೋವಿನದು ಔಷಧಿ ಅಂತಲೇ ಅವರ ಲೆಕ್ಕಕ್ಕಿಲ್ಲ. ಚಹಾ ಕುಡಿದದ್ದನ್ನು ಯಾರಾದರೂ ಡಾಕ್ಟರಿಗೆ ಹೇಳುತ್ತಾರಾ?

ಹಾಗಾದರೆ ರಿಪೋರ್ಟ್ ಯಾಕೆ ನಾರ್ಮಲ್? ಪ್ಲೇಟ್ಲೆಟ್‌ಗಳ ಸಂಖ್ಯೆಯನ್ನು ಆ್ಯಸ್ಪಿರಿನ್ ಕಡಿಮೆ ಮಾಡುವುದಿಲ್ಲ. ಅವು ಒಂದಕ್ಕೊಂದು ಅಂಟಿಕೊಳ್ಳುವ ಶಕ್ತಿಯನ್ನು ಕುಗ್ಗಿಸುತ್ತದೆ. ಎಣಿಸಿದರೆ ಎಲ್ಲ ಹಾಜರು, ಕೆಲಸಕ್ಕೆ ಕರೆದರೆ ಅರೆಮನಸ್ಸು. ಹೆಪ್ಪುಗಟ್ಟುವ ಸಮಯದ ಆ ಎರಡು ಪರೀಕ್ಷೆಗಳು ಪ್ಲಾಸ್ಮಾದ ಅಂಶಗಳನ್ನು ನೋಡುತ್ತವೆ, ಪ್ಲೇಟ್ಲೆಟ್ ಗುಣವನ್ನಲ್ಲ. ಒಮ್ಮೆ ಆ್ಯಸ್ಪಿರಿನ್ ತಾಗಿದ ಪ್ಲೇಟ್ಲೆಟ್ ತನ್ನ ಏಳರಿಂದ ಹತ್ತು ದಿನದ ಆಯುಷ್ಯ ಪೂರ್ತಿ ಹಾಗೇ ಇರುತ್ತದೆ. ಡೈಕ್ಲೊಫೆನಾಕ್‌ನದು ಅಷ್ಟು ದೀರ್ಘ ಅಲ್ಲ, ಔಷಧಿ ಇಳಿದರೆ ಪರಿಣಾಮವೂ ಇಳಿಯುತ್ತದೆ. ಆದರೆ ಅವರು ಹಿಂದಿನ ದಿನವೇ ನುಂಗಿದ್ದರಲ್ಲ.

ಕಳ್ಳ ಸಿಕ್ಕಿದ ಅಂತ ಇಲ್ಲಿಗೆ ಕಥೆ ಮುಗಿಸುವ ಆಸೆ ನನಗೂ ಆಯಿತು. ಅದು ಸರಿಯಲ್ಲ. ಆ್ಯಸ್ಪಿರಿನ್ ತೆಗೆದುಕೊಳ್ಳುವ ಎಲ್ಲರೂ ಹೀಗೆ ಒಸರುವುದಿಲ್ಲ. ಸ್ಟೀರಾಯ್ಡ್ ಇಲ್ಲದೆ ಊದಿಕೊಂಡ ಪಾಲಿಪ್, ಅನಿಲದ ಅರಿವಳಿಕೆ, 92ರ ನಾಡಿ, ಚಪ್ಪಟೆ ಟೇಬಲ್, ಇವೆಲ್ಲ ಸೇರಿದ್ದವು. ಗುಳಿಗೆಯದು ಇದರಲ್ಲಿ ಎಷ್ಟು ಪಾಲು ಅಂತ ನಾನು ಬಿಡಿಸಿ ಹೇಳಲಾರೆ. ಐದರಲ್ಲಿ ನಾಲ್ಕು ನಮ್ಮ ಕಡೆಯವು ಅನ್ನುವುದನ್ನು ಮಾತ್ರ ಎಣಿಸಿ ಹೇಳಬಲ್ಲೆ.

ಮನೆಯವರಿಗೆ ಹೇಳಿದ್ದು

ಮರುದಿನ ಬೆಳಿಗ್ಗೆ ಹಿಮೋಗ್ಲೋಬಿನ್ 11.6. ಬಸಣ್ಣ ಎದ್ದು ಕೂತಿದ್ದರು. ಹೆಂಡತಿಯ ತಮ್ಮ ಆಕುರ್ಡಿಯಿಂದ ಬಂದಿದ್ದ. ಎಡಗಡೆ ಪೂರ್ತಿ ಆಗಿಲ್ಲ, ಇನ್ನೊಮ್ಮೆ ಮಾಡಬೇಕಾಗುತ್ತದೆ ಅಂದೆ.

"ಅರ್ಧಾ ಮಾಡಿ ಬಿಟ್ಟೀರೇನ್ರೀ? ಮತ್ತ ರೊಕ್ಕಾ ಯಾರ್ ಕೊಡ್ಬೇಕ್ರೀ?" ಅಂದ ಅವನು. ದನಿ ಏರಿತ್ತು. ಕೇಳಿದ್ದರಲ್ಲಿ ತಪ್ಪೇನಿತ್ತು?

ಗುಳಿಗೆಯ ವಿಷಯ ಹೇಳಿದೆ. ಅದನ್ನು ಹೇಳುವಾಗ ಒಂದು ಎಚ್ಚರ ಬೇಕಿತ್ತು. "ನೀವು ಹೇಳಲಿಲ್ಲ" ಅಂತ ಶುರು ಮಾಡಿದರೆ ತಪ್ಪು ಅವರ ತಲೆಗೆ ಬೀಳುತ್ತದೆ. "ನಾವು ಪಟ್ಟಿ ನೋಡಬೇಕಿತ್ತು, ನೋಡಲಿಲ್ಲ" ಅಂತ ಶುರು ಮಾಡಿದೆ. ಸ್ಟೀರಾಯ್ಡ್ ಬಿಟ್ಟದ್ದನ್ನೂ ಹೇಳಿದೆ. ರಕ್ತ ತುಂಬಿಕೊಂಡು ಕಾಣಲಿಲ್ಲ, ಪಕ್ಕದಲ್ಲೇ ಕಣ್ಣು, ಅದಕ್ಕೆ ನಿಲ್ಲಿಸಿದೆ ಅಂದೆ.

ಅಷ್ಟು ಹೊತ್ತು ಸುಮ್ಮನಿದ್ದ ಬಸಣ್ಣ, ಮೂಗಿನ ತುಂಬ ಪ್ಯಾಕ್ ಇಟ್ಟುಕೊಂಡೇ, ಭಾವಮೈದುನನ ಕಡೆ ತಿರುಗಿ ಅಂದರು. "ಬಿಡೋ. ಕೂಲಂಟ್ ತುಂಬಿ ಟೂಲ್ ಕಾಣ್ಲಿಲ್ಲಂದ್ರ ನಾವೂ ಮಷಿನ್ ಬಂದ್ ಮಾಡ್ತೀವಿ. ಕಾಣ್ಲಾರದ ಫೀಡ್ ಕೊಟ್ರ ಜಾಬ್ ಹೋಗ್ತದ." ಕೂಲಂಟ್ ಅಂದರೆ ಲೇತ್‌ನಲ್ಲಿ ಲೋಹ ತಣಿಸಲು ಸುರಿಸುವ ದ್ರವ, ಜಾಬ್ ಅಂದರೆ ಕಡೆಯುತ್ತಿರುವ ಲೋಹದ ತುಂಡು.

ಎರಡನೆಯ ಸಲಕ್ಕೆ ನಾನೂ ಮೇಡಂ ಅವರೂ ನಮ್ಮ ಫೀಸ್ ತೆಗೆದುಕೊಳ್ಳುವುದು ಬೇಡ ಅಂತ ಮಾತಾಡಿಕೊಂಡೆವು. ಥಿಯೇಟರ್ ಖರ್ಚಿನಲ್ಲೂ ಆಸ್ಪತ್ರೆಯವರು ಸ್ವಲ್ಪ ಬಿಟ್ಟರು. ಭಾವಮೈದುನನಿಗೆ ಅದರಿಂದ ಪೂರ್ತಿ ಸಮಾಧಾನ ಆಯಿತು ಅಂತ ನಾನು ಹೇಳಲಾರೆ.

48 ಗಂಟೆಗೆ ಪ್ಯಾಕ್ ತೆಗೆದಾಗ ಎಡಗಡೆ ಸ್ವಲ್ಪ ರಕ್ತ ಬಂತು. ಕೂರಿಸಿ, ಮುಂದಕ್ಕೆ ಬಾಗಿಸಿ, ಅಡ್ರಿನಾಲಿನ್ ಹತ್ತಿ ಇಟ್ಟೆವು. ಹದಿನೈದು ನಿಮಿಷಕ್ಕೆ ನಿಂತಿತು.

ಎರಡನೆಯ ಸಲ

ಈ ಸಲ ನಾಲ್ಕು ಬಾಗಿಲು ಆಚೆ ಹೋಗಿ ಕೂತೆ. ಬಸಣ್ಣನವರಿಗೆ ಹೃದಯಾಘಾತ ಆಗಿರಲಿಲ್ಲ, ಸ್ಟೆಂಟ್ ಇರಲಿಲ್ಲ, ಪಾರ್ಶ್ವವಾಯು ಆಗಿರಲಿಲ್ಲ. ಮುಂದೆ ಆಗದಿರಲಿ ಅಂತ ಕೊಟ್ಟ ಆ್ಯಸ್ಪಿರಿನ್ ಅದು. ಇಂಥವರಿಗೆ ಆ್ಯಸ್ಪಿರಿನ್ ಎಷ್ಟು ಬೇಕು ಅನ್ನುವುದೇ ಈಗ ಚರ್ಚೆಯಲ್ಲಿದೆ. 15,480 ಸಕ್ಕರೆ ಕಾಯಿಲೆಯವರ ಮೇಲೆ ನಡೆದ ಅಸೆಂಡ್ ಅಧ್ಯಯನ 2018ರಲ್ಲಿ ಹೊರಬಂತು. ಹೃದಯಕ್ಕೆ ಸಿಕ್ಕ ಲಾಭವನ್ನು ದೊಡ್ಡ ರಕ್ತಸ್ರಾವಗಳ ನಷ್ಟ ಬಹುಮಟ್ಟಿಗೆ ತಿಂದುಹಾಕಿತ್ತು. ಫಿಸಿಶಿಯನ್ ಅದನ್ನು ಪೂರ್ತಿ ನಿಲ್ಲಿಸಿ ಬರೀ ಅಟೋರ್ವಾಸ್ಟಾಟಿನ್ ಬರೆದರು. ಸ್ಟೆಂಟ್ ಹಾಕಿಸಿಕೊಂಡವರಾಗಿದ್ದರೆ ಲೆಕ್ಕವೇ ಬೇರೆ. ಅಂಥವರ ಆ್ಯಸ್ಪಿರಿನ್ ಮುಟ್ಟುವ ಮೊದಲು ಹೃದಯದ ಡಾಕ್ಟರ್ ಮಾತು ಬೇಕೇ ಬೇಕು. ಮೂಗಿನ ಆಪರೇಷನ್ ಕಾಯಬಹುದು, ಸ್ಟೆಂಟ್ ಕಾಯುವುದಿಲ್ಲ.

ತಲೆನೋವಿಗೆ ಬರೀ ಪ್ಯಾರಾಸಿಟಮಾಲ್. ಏಳು ದಿನ ಪ್ರೆಡ್ನಿಸೊಲೋನ್ 30 ಮಿಲಿಗ್ರಾಂ, ದಿನಕ್ಕೆ ಮೂರು ಸಲ ಸಕ್ಕರೆ ನೋಡಿಕೊಂಡು, ಆ ವಾರದ ಮಟ್ಟಿಗೆ ಸ್ವಲ್ಪ ಇನ್ಸುಲಿನ್. ಸಕ್ಕರೆ ಏರಿತು, ಇಳಿಸಿದೆವು. ನಾನು ಹೆದರಿದಷ್ಟು ಏನೂ ಆಗಲಿಲ್ಲ.

ಐದು ವಾರದ ನಂತರ, ಬೆಳಗಿನ ಮೊದಲನೆಯ ಕೇಸ್. ಪಂಪ್ ನಮ್ಮ ಥಿಯೇಟರಿನಲ್ಲಿ. ಟೇಬಲ್ ಎಷ್ಟು ಎತ್ತಿದೆ ಅಂತ ಬೋರ್ಡಿನ ಮೇಲೆ ಬರೆದೆವು. ನಾಡಿ 60ರ ಆಚೀಚೆ, ಸರಾಸರಿ ಒತ್ತಡ 68. ಶುರುವಿನಿಂದ ಕೊನೆತನಕ ಎರಡು ಅಂಕ. ಸುಮಾರು 120 ಮಿಲಿಲೀಟರ್ ರಕ್ತ ಹೋಯಿತು. ಆ ಧಮನಿ ಕಂಡಿತು. ಛಾವಣಿಯಿಂದ ತುಸು ಕೆಳಗೆ, ತೆಳು ಪೊರೆಯಲ್ಲಿ ಜೋತಾಡುತ್ತಾ, ನಾನು ಐದು ವಾರದ ಹಿಂದೆ ಕುರುಡಾಗಿ ಉಪಕರಣ ಆಡಿಸುತ್ತಿದ್ದ ಜಾಗಕ್ಕೆ ನಾಲ್ಕೈದು ಮಿಲಿಮೀಟರ್ ದೂರದಲ್ಲಿ.

120 ಎಲ್ಲಿ, 550 ಎಲ್ಲಿ ಅಂತ ಹೋಲಿಸಬೇಡಿ. ಈ ಸಲ ಒಂದೇ ಕಡೆ, ಅದೂ ಉಳಿದ ಭಾಗ ಮಾತ್ರ.

ಆಮೇಲೆ ನಮ್ಮ ಓಪಿಡಿಯಲ್ಲಿ ಪ್ರಶ್ನೆ ಬದಲಾಯಿತು. ರಕ್ತ ತೆಳು ಮಾಡುವ ಮಾತ್ರೆ ಅನ್ನುವ ಮಾತನ್ನೇ ಬಿಟ್ಟೆವು. "ಮನೆಯಲ್ಲಿರೋ ಎಲ್ಲ ಮಾತ್ರೆ ಒಂದು ಚೀಲದಲ್ಲಿ ಹಾಕ್ಕೊಂಡು ಬನ್ನಿ, ಖಾಲಿ ಪಟ್ಟಿನೂ ತನ್ನಿ" ಅನ್ನುತ್ತೇವೆ. ಆಯುರ್ವೇದದ್ದು, ಮೆಡಿಕಲ್‌ನವರು ಕೊಟ್ಟದ್ದು, ಪಕ್ಕದ ಮನೆಯವರದು, ಎಲ್ಲ. ತರುವವರು ಕೆಲವರು, ಮರೆಯುವವರು ಜಾಸ್ತಿ. ಮರೆತವರಿಗೆ ಮನೆಗೆ ಫೋನ್ ಮಾಡಿಸಿ ಪಟ್ಟಿಯ ಫೋಟೋ ತರಿಸುತ್ತೇವೆ. ಐದು ನಿಮಿಷ ಹಿಡಿಯುತ್ತದೆ, ಹೊರಗೆ ಕಾಯುವವರು ಗೊಣಗುತ್ತಾರೆ. ಇನ್ನೊಂದು, ಒಂದು ಕಡೆ ಮುಗಿದ ಕೂಡಲೇ ಕೈ ತೆಗೆದು ಅಂಕ ಜೋರಾಗಿ ಹೇಳುತ್ತೇನೆ. ಮೂರು ದಾಟಿದ್ದರೆ ಕಾರಣ ಸಿಗುವತನಕ ಇನ್ನೊಂದು ಕಡೆ ಮುಟ್ಟುವುದಿಲ್ಲ.

ಆರು ತಿಂಗಳಿಗೆ ನೋಡಿದಾಗ ಬಲಗಡೆ ಮೇಲೆ ಸಣ್ಣ ಊತ ಮತ್ತೆ ಶುರುವಾಗಿತ್ತು. ಪಾಲಿಪ್‌ಗಳ ಸ್ವಭಾವವೇ ಅದು. ಸ್ಪ್ರೇ, ಉಪ್ಪುನೀರಿನಿಂದ ತೊಳೆಯುವುದು ನಡೆದಿದೆ. ವಾಸನೆ ಪೂರ್ತಿ ಬಂದಿಲ್ಲ. ಮೊದಲು ಬಂದದ್ದು ಯಾವುದು ಅಂತ ಕೇಳಿದೆ. ಅವರ ಕಡೆ ಕಾರ್ಖಾನೆಗಳಿಗೆ ಗುರುವಾರ ರಜೆ. ಒಂದು ದಿನ ನಿಂತ ಕೂಲಂಟ್ ಹುಳಿತು ಹೋಗಿರುತ್ತದೆ.

"ಶುಕ್ರವಾರ ಮುಂಜಾನೆ ಮಷಿನ್ ಚಾಲೂ ಮಾಡಿದ್ನಿರಿ. ಹೊಲಸ ನಾತ. ಬಾಜೂದವನ್ನ ಕರದು, ನಿನಗೂ ಬಡೀತೇನೋ ಅಂತ ಕೇಳಿದ್ನಿ. ದಿನಾ ಬಡೀತದಲ್ಲೋ ಮಾರಾಯಾ ಅಂದಾ."